ಕನ್ಯಾರಾಶಿಗೆ ಟಚಿಂಗ್

ನಮ್ಮ ಮನೆಯಲ್ಲಿ ಆಕಾಶವೆಂದರೆ ಅಪ್ಪನ ಸೊತ್ತು. ಅಪ್ಪ ಪುರೋಹಿತರು. ಮಂಗಳೂರಿನ ಮಣ್ಣಗುಡ್ಡದ ಆಸುಪಾಸಿನಲ್ಲಿ ಮದುವೆ, ಉಪನಯನ, ಹೊಸ ಮನೆಯ ಒಕ್ಕಲು ಏನೇ ಇರಲಿ, ಪಂಚಾಂಗ ಬಿಡಿಸಿ ಗಳಿಗೆ ಹೇಳುವವರು ಅವರೇ. ಉತ್ತರೆ, ಹಸ್ತ, ಚಿತ್ತೆ ಎಂದು ಬೆರಳಿನ ಗೆಣ್ಣುಗಳ ಮೇಲೆ ನಕ್ಷತ್ರಗಳನ್ನು ಎಣಿಸುತ್ತಿದ್ದರು, ಹಟ್ಟಿಯ ದನಗಳನ್ನು ಹೆಸರು ಹಿಡಿದು ಕರೆದಷ್ಟೇ ಸಲೀಸಾಗಿ. ಆದರೆ ಅಂಗಳಕ್ಕಿಳಿದು ಕತ್ತೆತ್ತಿ ಅವುಗಳನ್ನು ನೋಡಿದವರಲ್ಲ. ನೋಡುವ ಹುಚ್ಚು ಹತ್ತಿದ್ದು ಅಣ್ಣನಿಗೆ, ಅವನಿಂದ ನನಗೆ.

ಅಣ್ಣ ಕಾಲೇಜಿನಲ್ಲಿ ಫಿಸಿಕ್ಸ್ ಲೆಕ್ಚರರ್. ಅರವತ್ತರ ದಶಕದ ನಡುವಿನ ಮಾತು ಇದು. ಅವನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಅದೇ ಕಾಲೇಜಿನಲ್ಲಿ ನಾನು ಬಿ.ಎಸ್ಸಿ. ಓದುತ್ತಿದ್ದೆ. ತರಗತಿಯಲ್ಲಿ ಅವನನ್ನು ‘ಸರ್’ ಎನ್ನಬೇಕು, ಮನೆಗೆ ಬಂದ ಮೇಲೆ ಅದೇ ಸರ್‌ನ ಅಂಗಿ ಒಗೆಯಬೇಕು. ಇದರಲ್ಲಿ ನನಗೆ ಬೇಸರವೇನೂ ಇರಲಿಲ್ಲ ಎಂದರೆ ಈಗಿನ ಹುಡುಗಿಯರು ನಗಬಹುದು. ಅಣ್ಣ ಹೇಳಿದ್ದು ನನಗೆ ವೇದವಾಕ್ಯವಾಗಿತ್ತು. ವೇದ ಓದಿದ ಅಪ್ಪ ಹೇಳಿದ್ದು ಕೂಡ ಅಷ್ಟರಮಟ್ಟಿಗೆ ಅಲ್ಲ.

ಟೆಲಿಸ್ಕೋಪನ್ನು ನಾವಿಬ್ಬರೇ ಮಾಡಿದ್ದು. ದಪ್ಪ ಗಾಜಿನ ಬಿಲ್ಲೆಯೊಂದನ್ನು ಡ್ರಮ್ಮಿನ ಮೇಲಿಟ್ಟು, ಸುತ್ತ ನಡೆಯುತ್ತಾ ಉಜ್ಜಿ ಉಜ್ಜಿ ಅಂಗೈಯಗಲದ ಕನ್ನಡಿ ಮಾಡಿದೆವು. ಕಂಕನಾಡಿಯಲ್ಲಿ ತಗಡಿನ ಕೊಳವೆ ಮಾಡಿಸಿದೆವು. ಕೊಳವೆಯ ಪಕ್ಕಕ್ಕೆ ಇನ್ನೊಂದು ಸಣ್ಣ ಹಿತ್ತಾಳೆಯ ಟೆಲಿಸ್ಕೋಪನ್ನು ಕಟ್ಟಿದೆವು. ಅದು ಹಂಚಿನ ಕಾರ್ಖಾನೆಯ ದೊರೆಯೊಬ್ಬ ತನ್ನ ದೇಶಕ್ಕೆ ಹೋಗುವಾಗ ಬಿಟ್ಟುಹೋದದ್ದು. ದೊಡ್ಡದರಲ್ಲಿ ಫೋಟೋದ ಗಾಜಿನ ಪ್ಲೇಟ್ ಇಡುವುದು, ಸಣ್ಣದರಲ್ಲಿ ಕಣ್ಣಿಟ್ಟು ಕಾಯುವುದು. ಭೂಮಿ ತಿರುಗುತ್ತಲೇ ಇರುವುದರಿಂದ ನಕ್ಷತ್ರ ಸರಿಯುತ್ತದೆ. ಸರಿದಷ್ಟೂ ಒಂದು ತಿರುಪನ್ನು ಕೈಯಲ್ಲಿ ತಿರುಗಿಸಿ ಟೆಲಿಸ್ಕೋಪನ್ನೂ ಜೊತೆಗೆ ಸರಿಸಬೇಕು. ಹಿತ್ತಾಳೆ ಕೊಳವೆಯೊಳಗೆ ಅಡ್ಡ-ಉದ್ದ ಎಳೆದ ಎರಡು ಜೇಡರಬಲೆಯ ನೂಲುಗಳಿದ್ದವು. ಅವು ಕೂಡುವಲ್ಲಿ ನಕ್ಷತ್ರ ಕೂತಿರಬೇಕು, ಅಲ್ಲಿಂದ ಅಲುಗಬಾರದು. ಈ ಕಾಯುವ ಕೆಲಸಕ್ಕೆ ಗೈಡಿಂಗ್ ಎನ್ನುತ್ತಾರೆ. ಸ್ವಲ್ಪ ತಪ್ಪಿದರೂ ಪ್ಲೇಟಿನ ಮೇಲೆ ನಕ್ಷತ್ರಗಳು ಗೆರೆಗಳಾಗುತ್ತವೆ, ಮಸುಕಾದದ್ದೆಲ್ಲ ಕಲಸಿ ಮಾಯವಾಗುತ್ತದೆ.

ನಮಗೆ ಬೇಕಾದದ್ದು ಆ ಮಸುಕಾದದ್ದೇ. ಕನ್ಯಾರಾಶಿಯ ದಿಕ್ಕಿನಲ್ಲಿ ದೂರದ ಗ್ಯಾಲಕ್ಸಿಗಳ ದೊಡ್ಡ ಗುಂಪೊಂದು ಉಂಟು. ಬರಿಗಣ್ಣಿಗೆ ಅಲ್ಲಿ ಏನೂ ಇಲ್ಲ. ನಮ್ಮ ಕನ್ನಡಿಯಲ್ಲಿ ನೋಡಿದರೂ ಇದೆಯೋ ಇಲ್ಲವೋ ಎನ್ನುವಷ್ಟೇ. ಕಣ್ಣಿಗೆ ಕೂಡಿಡುವ ಬುದ್ಧಿ ಇಲ್ಲ, ಕಂಡದ್ದನ್ನು ಆಗಿಂದಾಗ ಮರೆಯುತ್ತದೆ. ಪ್ಲೇಟ್ ಹಾಗಲ್ಲ, ತೆರೆದಿಟ್ಟಷ್ಟು ಹೊತ್ತೂ ಬಂದ ಬೆಳಕನ್ನೆಲ್ಲ ಸೇರಿಸುತ್ತಾ ಹೋಗುತ್ತದೆ. ಕೋಟಿಗಟ್ಟಲೆ ವರ್ಷಗಳ ಹಿಂದೆ ಹೊರಟ ಬೆಳಕು ನಮ್ಮ ಸೆಗಣಿ ಸಾರಿಸಿದ ಅಂಗಳಕ್ಕೆ ಬಂದು ಇಳಿಯುತ್ತದೆ ಎಂಬುದು ನನಗೆ ದೊಡ್ಡ ಸಂಭ್ರಮವಾಗಿತ್ತು. ಅದೃಷ್ಟವೂ ಇತ್ತು. ಸುತ್ತ ತೆಂಗಿನ ಮರಗಳಿದ್ದ ನಮ್ಮ ಅಂಗಳಕ್ಕೆ ಕಾಣುತ್ತಿದ್ದದ್ದು ನೆತ್ತಿಯ ಮೇಲಿನ ಒಂದು ತುಂಡು ಆಕಾಶ ಮಾತ್ರ. ಎಪ್ರಿಲಿನಲ್ಲಿ ಆ ಗುಂಪು ಮಂಗಳೂರಿನಲ್ಲಿ ಸರಿಯಾಗಿ ನೆತ್ತಿಯ ಮೇಲೆಯೇ ಹಾದುಹೋಗುತ್ತದೆ.

ನೆತ್ತಿಯ ಮೇಲಿನದನ್ನು ಕಾಯಬೇಕಾದರೆ ಟೆಲಿಸ್ಕೋಪಿನ ಕೆಳಗೆ ಚಾಪೆ ಹಾಸಿ ಅಂಗಾತ ಮಲಗಬೇಕು. ಅಣ್ಣ ಅಂಗಾತ ಮಲಗಿದರೆ ಎಣಿಸಿ ಐದು ನಿಮಿಷಕ್ಕೆ ಗೊರಕೆ. ಹಾಗಾಗಿ ಪ್ಲೇಟಿನ ಮುಚ್ಚಳ ತೆರೆಯುವುದು ಅವನು, ಕಾಯುವುದು ನಾನು. ಅವನು ಜಗಲಿಯಲ್ಲಿ ಒರಗುತ್ತಿದ್ದ. ಮೂಗಿನ ಮೇಲೆ ಕೂತ ಸೊಳ್ಳೆಯನ್ನು ಓಡಿಸುವ ಹಾಗಿಲ್ಲ, ಕೆಮ್ಮುವ ಹಾಗಿಲ್ಲ. ಬೆವರು ಕಿವಿಯೊಳಗೆ ಇಳಿಯುತ್ತಿತ್ತು. ಬೆಳಿಗ್ಗೆ ಎದ್ದರೆ ಕುತ್ತಿಗೆ ತಿರುಗುತ್ತಿರಲಿಲ್ಲ. ಅಮ್ಮ ಎಳ್ಳೆಣ್ಣೆ ತಿಕ್ಕುತ್ತಾ, “ಎಂತ ಸಾವು ಇದು! ಮದುವೆಯಾಗುವ ಹುಡುಗಿಗೆ ಕುತ್ತಿಗೆ ಸೊಟ್ಟ ಆದರೆ ಎಂತ ಮಾಡುವುದು?” ಎಂದು ಗೊಣಗುತ್ತಿದ್ದಳು.

ಇಷ್ಟು ಪಾಡುಪಡಲು ಸಂಭ್ರಮವೊಂದೇ ಕಾರಣವಲ್ಲ. ಬಿ.ಎಸ್ಸಿ. ಆದ ಮೇಲೆ ಮದ್ರಾಸಿಗೆ ಹೋಗಿ ಎಂ.ಎಸ್ಸಿ. ಓದಬೇಕೆಂದು ನನ್ನ ಹಟ. ಹೆಣ್ಣುಮಗಳನ್ನು ಅಷ್ಟು ದೂರ ಕಳಿಸುವುದು ಆಟವಾ ಎಂದು ಅಪ್ಪ ಹೇಳುತ್ತಲೇ ಇದ್ದರು. ಒಂದು ದಿನ ಸೋತು, “ಹೊರಗಿನ ವಿದ್ವಾಂಸರು ಒಬ್ಬರು ನನ್ನ ಎದುರು ಹೇಳಲಿ, ಇದು ಇವಳ ಕೈಯ ಕೆಲಸ, ಒಳ್ಳೆಯ ಕೆಲಸ ಅಂತ. ಕಳಿಸ್ತೇನೆ” ಎಂದರು. ಅಪ್ಪ ಹೇಳಿದ ಗಳಿಗೆ ತಪ್ಪಿದರೂ ಕೊಟ್ಟ ಮಾತು ತಪ್ಪುವುದಿಲ್ಲ ಎಂದು ಊರೇ ಹೇಳುತ್ತಿತ್ತು. ನಾನು ನಂಬಿದೆ.

ಹಲವು ಪ್ಲೇಟುಗಳು ಹಾಳಾದವು. ಒಂದರಲ್ಲಿ ಮಂಜು, ಇನ್ನೊಂದರಲ್ಲಿ ಗಾಳಿಗೆ ಬಾಗಿದ ತೆಂಗಿನ ಗರಿ. ಕೊನೆಗೆ ಒಂದು ರಾತ್ರಿ ಆಕಾಶ ತೊಳೆದಿಟ್ಟ ಹಾಗಿತ್ತು, ಗಾಳಿಯೂ ಇರಲಿಲ್ಲ. ನಕ್ಷತ್ರ ನೂಲಿನ ಮೇಲೆ ಕೂತದ್ದು ಕೂತ ಹಾಗೆಯೇ ಇತ್ತು. ಮುಚ್ಚಳ ಹಾಕಲು ಅಣ್ಣನನ್ನು ಎಬ್ಬಿಸಿದಾಗ, “ಈ ಸಲ ಬಂದಿರ್ತದೆ ಅಣ್ಣ” ಎಂದೆ. ಅಷ್ಟು ಖಾತ್ರಿ ನನಗೆ.

ಪ್ಲೇಟ್ ತೊಳೆಯುತ್ತಿದ್ದದ್ದು ಕಂಕನಾಡಿಯ ಒಂದು ಫೋಟೋ ಸ್ಟುಡಿಯೋದಲ್ಲಿ. ಅದನ್ನು ನಡೆಸುತ್ತಿದ್ದವರು ನಮ್ಮ ಕರಾವಳಿಯ ಬ್ಯಾರಿ ಮುಸಲ್ಮಾನರು, ವಯಸ್ಸಾದವರು. ಎಲ್ಲರೂ ಅವರನ್ನು ಕಾಕ ಎನ್ನುತ್ತಿದ್ದರು. ಅವರ ಕತ್ತಲ ಕೋಣೆಗೆ ಹುಡುಗಿಯಾದ ನನಗೆ ಪ್ರವೇಶವಿಲ್ಲ; ಕಾಕ ಬೇಡ ಅಂದದ್ದಲ್ಲ, ಅಪ್ಪನ ಕಟ್ಟುನಿಟ್ಟು. ಹಾಗಾಗಿ ಪ್ಲೇಟ್ ಒಯ್ದವನು ಅಣ್ಣ. ಕೆಲವು ದಿನಗಳ ನಂತರ ಅವನು ಪ್ರಿಂಟ್ ತಂದು ನನ್ನ ಕೈಗೆ ಕೊಟ್ಟ. ಕಪ್ಪು ಆಕಾಶದ ತುಂಬ ನಕ್ಷತ್ರಗಳು, ನಡುವೆ ಊದಿದ ಹತ್ತಿಯ ಎಳೆಯಂಥ ನಾಲ್ಕೈದು ಬಿಳಿ ಮಸುಕುಗಳು. ನಾನು ಅತ್ತುಬಿಟ್ಟೆ. ಅತ್ತು ಮುಗಿದ ಮೇಲೆ ಒಂದು ಅನುಮಾನ ಬಂತು.

“ಆಕಾಶದ ನಕ್ಷೆಯಲ್ಲಿ ಇವು ಈಚೆ ಬದಿಗೆ ಇದ್ದವಲ್ಲ ಅಣ್ಣ, ಇಲ್ಲಿ ಆಚೆ ಬದಿಗೆ ಉಂಟಲ್ಲ?”

“ಟೆಲಿಸ್ಕೋಪ್ ಎಲ್ಲವನ್ನೂ ಉಲ್ಟಾ ತೋರಿಸುವುದಲ್ವಾ ಮಾರಾಯ್ತಿ. ಕ್ಲಾಸಿನಲ್ಲಿ ಹೇಳುವಾಗ ಎಲ್ಲಿ ಇದ್ದೆ?” ಎಂದು ಅವನು ನಕ್ಕ. ನಕ್ಷತ್ರಗಳು ಸರಿಯಾಗಿದ್ದು ಗ್ಯಾಲಕ್ಸಿಗಳು ಮಾತ್ರ ಹೇಗೆ ಉಲ್ಟಾ ಆಗುತ್ತವೆ ಎಂದು ಕೇಳಬೇಕಿತ್ತು. ನಕ್ಷತ್ರಗಳನ್ನು ಹೋಲಿಸಿ ನೋಡೋಣವೆಂದರೆ ನಕ್ಷೆಯ ಪುಸ್ತಕ ಕಾಲೇಜಿನದು, ಅಲ್ಲಿ ಅವನ ಕೋಣೆಯಲ್ಲಿ ಇರುತ್ತಿತ್ತು. ಹೇಳಿದವನು ಅಣ್ಣ, ಮೇಲೆ ಫಿಸಿಕ್ಸ್ ಸರ್. ಸುಮ್ಮನಾದೆ.

ಪ್ರಿಂಟನ್ನು ಕಾಲೇಜಿನ ಗೋಡೆಗೆ ಹಾಕಿದರು. ಅಣ್ಣ ಊರಲ್ಲಿ ನಾಲ್ಕು ಜನಕ್ಕೆ ಗೊತ್ತಾದ. ಪ್ರಿನ್ಸಿಪಾಲರು ಮದ್ರಾಸಿನಿಂದ ಖಗೋಳದ ಪ್ರೊಫೆಸರರೊಬ್ಬರನ್ನು ಭಾಷಣಕ್ಕೆ ಕರೆಸಿದರು. ಮಳೆಗಾಲ ಕಳೆದು ಅವರು ಬರುವುದು, ಪ್ಲೇಟನ್ನೇ ಅವರ ಕೈಗೆ ಕೊಟ್ಟು ತೋರಿಸುವುದು, ಅಪ್ಪನೂ ಬಂದು ಎದುರಿಗೆ ಕೂರುವುದು ಎಂದಾಯಿತು. ನನ್ನ ಮದ್ರಾಸು ಆ ಒಂದು ಸಂಜೆಯ ಮೇಲೆ ನಿಂತಿತ್ತು.

ಅವರು ಬರುವ ದಿನ ಬೆಳಿಗ್ಗೆ ಕಪಾಟಿನಿಂದ ಪ್ಲೇಟ್ ತೆಗೆದರೆ ಬೂಷ್ಟು! ಮಂಗಳೂರಿನ ಮಳೆಗಾಲ ಚಪ್ಪಲಿಯನ್ನೇ ಬಿಡುವುದಿಲ್ಲ, ಪ್ಲೇಟನ್ನು ಬಿಡುತ್ತದೆಯೇ? ಬೂಷ್ಟಿಗೆ ಟರ್ಪಂಟೈನ್ ಒಳ್ಳೆಯದೆಂದು ಅಣ್ಣನೇ ಹೇಳಿದ್ದ. ಅವನು ಆಗಲೇ ಕಾಲೇಜಿಗೆ ಹೋಗಿದ್ದ. ಹತ್ತಿಯ ಉಂಡೆಯನ್ನು ಅದರಲ್ಲಿ ಅದ್ದಿ ಮೆಲ್ಲಗೆ ಒರೆಸಿದೆ. ಬೂಷ್ಟು ಹೋಯಿತು. ಬೆಳಕಿಗೆ ಹಿಡಿದು ನೋಡಿದೆ. ನಕ್ಷತ್ರಗಳೆಲ್ಲ ಇದ್ದಲ್ಲಿಯೇ ಇದ್ದವು. ಗ್ಯಾಲಕ್ಸಿಗಳು ಇರಲಿಲ್ಲ. ಹತ್ತಿಯನ್ನು ನೋಡಿದರೆ ಪೆನ್ಸಿಲಿನ ಮಸಿ.

ಪ್ಲೇಟನ್ನು ಹಿಡಿದುಕೊಂಡು ನೆಲದ ಮೇಲೆ ಕೂತೆ. ಕೂತು ಮತ್ತೊಮ್ಮೆ ನೋಡಿದೆ. ಪೆನ್ಸಿಲಿನ ಮಸಿ ಇದ್ದದ್ದು ಎಡಕ್ಕಾದರೆ, ಅದೇ ಮುಖದ ಬಲಕ್ಕೆ ಎರಡು ಕಡೆ ಚಿತ್ರ ಮೂಡುವ ಲೇಪವನ್ನು ಯಾರೋ ಚೂರಿಯಿಂದ ಹೆರೆದಿದ್ದರು. ನಾನು ಸೀರೆ ಸರಿಮಾಡಿಕೊಂಡು, ಪ್ಲೇಟನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿ, ಯಾರನ್ನೂ ಕೇಳದೆ ಕಂಕನಾಡಿಯ ಬಸ್ ಹತ್ತಿದೆ.

ಕಾಕ ಕಿಟಕಿಯ ಬಳಿ ಇಳಿಜಾರು ಮೇಜಿನ ಮುಂದೆ ಕೂತಿದ್ದರು. ಸೂಜಿಯ ಹಾಗೆ ಚೂಪು ಮಾಡಿದ ಪೆನ್ಸಿಲು ಕೈಯಲ್ಲಿತ್ತು. ಆಗ ಊರಿನಲ್ಲಿ ಸಿಡುಬಿನ ಕಲೆ ಇಲ್ಲದ ಮುಖ ಕಡಿಮೆ. ಗಂಡಿನ ಕಡೆಗೆ ಕಳಿಸುವ ಫೋಟೋದಲ್ಲಿ ಕಲೆ ಇರಬಾರದು. ನೆಗೆಟಿವಿನ, ಅಂದರೆ ತೊಳೆದ ಪ್ಲೇಟಿನ, ಮೇಲೆ ಪೆನ್ಸಿಲ್ ಆಡಿಸಿದಲ್ಲಿ ಪ್ರಿಂಟಿನಲ್ಲಿ ಬೆಳ್ಳಗಾಗುತ್ತದೆ, ಕಲೆಯ ಕುಳಿ ತುಂಬಿಹೋಗುತ್ತದೆ. ಬೇಡದ ಬಿಳಿ ಚುಕ್ಕೆ ಇದ್ದರೆ ನೆಗೆಟಿವಿನಲ್ಲಿ ಅಲ್ಲಿ ಹೆರೆದು ತೆಗೆಯುತ್ತಾರೆ. ಈ ಕೆಲಸಕ್ಕೆ ಸ್ಟುಡಿಯೋದವರು ಟಚಿಂಗ್ ಎನ್ನುತ್ತಿದ್ದರು. ಕಾಕನ ಟಚಿಂಗಿನಿಂದ ಮದುವೆಯಾದ ಹುಡುಗಿಯರು ಎಷ್ಟೋ ಮಂದಿ.

“ಕಾಕ, ಈ ಪ್ಲೇಟಿಗೆ ಟಚಿಂಗ್ ಮಾಡಿದ್ದೀರಾ?” ಎಂದು ಕೇಳಿದೆ.

“ಹೌದು ಮಗಳೇ. ನಿನ್ನ ಅಣ್ಣ ಮೇಷ್ಟ್ರು ಒಂದು ಚಿತ್ರ ಬರೆದು ತಂದಿದ್ದರು. ಇಂಥಿಂಥ ಕಡೆ ಸ್ವಲ್ಪ ಮಸುಕು ಬರಬೇಕು ಕಾಕ, ಕಣ್ಣಿಗೆ ಸರಿ ಕಾಣುವುದಿಲ್ಲ ಅಂದರು. ಚಿತ್ರದಲ್ಲಿ ಹೇಗುಂಟೋ ಹಾಗೆಯೇ ಇಟ್ಟೆ. ಎಂತ, ಹೋಯ್ತಾ? ಒಂದು ಗಳಿಗೆ ಕೂತುಕೋ, ಪುನಃ ಹಾಕಿಕೊಡ್ತೇನೆ.”

“ಈ ಎರಡು ಕಡೆ ಹೆರೆದದ್ದು?”

“ಅಲ್ಲಿ ಎರಡು ಮಸುಕು ಕಲೆ ಇತ್ತು. ಚಿತ್ರದಲ್ಲಿ ಇರಲಿಲ್ಲವಲ್ಲ. ಬೂಷ್ಟು ಹಿಡಿದದ್ದು ಅಂತ ತೆಗೆದೆ.”

ನನಗೆ ಎಲ್ಲವೂ ಅರ್ಥವಾಯಿತು. ಟಚಿಂಗ್ ಮಾಡುವುದು ಪ್ಲೇಟಿನ ಲೇಪವಿರುವ ಬದಿಯಲ್ಲಿ. ಆ ಬದಿಯಿಂದ ನೋಡಿದರೆ ಆಕಾಶ ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ಅದಲುಬದಲು. ಅಣ್ಣ ಪುಸ್ತಕದ ನಕ್ಷೆಯನ್ನು ಇದ್ದ ಹಾಗೆಯೇ ಬರೆದುಕೊಟ್ಟಿದ್ದ, ತಿರುಗಿಸಿ ಬರೆಯಲು ಮರೆತಿದ್ದ. ಕಾಕ ಗ್ಯಾಲಕ್ಸಿಗಳನ್ನು ಇಲ್ಲದ ಕಡೆ ಇಟ್ಟರು, ಇದ್ದ ಕಡೆಯಿಂದ ಹೆರೆದು ತೆಗೆದರು. ಅಂದರೆ ಅವು ಬಂದಿದ್ದವು. ನಾನು ಚಾಪೆಯ ಮೇಲೆ ಮಲಗಿ ಕಾದದ್ದು ವ್ಯರ್ಥವಾಗಿರಲಿಲ್ಲ, ನಿಜವಾಗಿಯೂ ಬಂದಿದ್ದವು. ಕಾಕನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಕಲೆ ತೆಗೆಯುವುದು ಅವರ ಕಸುಬು, ತೆಗೆದರು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? “ಪುನಃ ಹಾಕುವುದು ಬೇಡ ಕಾಕ” ಎಂದು ಎದ್ದೆ.

ಅಣ್ಣ ಲ್ಯಾಬಿನಲ್ಲಿ ಒಬ್ಬನೇ ಇದ್ದ. ಪ್ಲೇಟನ್ನು ಮೇಜಿನ ಮೇಲಿಟ್ಟು, ಒರೆಸಿದ್ದನ್ನೂ ಕಾಕ ಹೇಳಿದ್ದನ್ನೂ ಹೇಳಿದೆ. ಅವನು ಇಲ್ಲ ಎನ್ನಲಿಲ್ಲ. ಬಾಗಿಲು ಮುಂದೆ ಮಾಡಿ ಬಂದು ತಗ್ಗಿದ ದನಿಯಲ್ಲಿ ತುಳುವಿನಲ್ಲಿಯೇ ಮಾತಾಡಿದ.

“ಪ್ಲೇಟ್ ತೊಳೆದಾಗ ಎಂತ ಸಹ ಕಾಣಲಿಲ್ಲ, ನಾನು ಎಂತ ಮಾಡುವುದು? ನೀನು ಮದ್ರಾಸಿಗೆ ಹೋಗಬೇಕು ಅಂತ ಮಾಡಿದ್ದು. ನೋಡು, ದೇವಸ್ಥಾನದಲ್ಲಿ ಕಲ್ಲಿನ ಮೂರ್ತಿಗೆ ಬೆಳ್ಳಿ ಕಣ್ಣು ಇಡುವುದಿಲ್ವಾ? ಕಲ್ಲಿನಲ್ಲಿ ದೇವರಿಲ್ಲ ಅಂತಲಾ ಇಡುವುದು? ಇದ್ದಾನೆ, ಜನಕ್ಕೆ ಕಾಣುವುದಿಲ್ಲ, ಅದಕ್ಕೆ ಇಡುವುದು. ಆ ಗ್ಯಾಲಕ್ಸಿಗಳು ಅಲ್ಲಿ ಉಂಟಲ್ಲ? ಇದ್ದದ್ದನ್ನು ಕಾಣುವ ಹಾಗೆ ಮಾಡಿದರೆ ಸುಳ್ಳು ಹೇಗಾಗ್ತದೆ?”

“ಬೆಳ್ಳಿ ಕಣ್ಣು ಇಡುವಾಗ ಕಲ್ಲಿನ ಕಣ್ಣು ಕೀಳುವುದಿಲ್ಲ ಅಣ್ಣ” ಎಂದೆ. “ಅವು ಬಂದಿದ್ದವು. ನಿನಗೆ ಕಾಣಲಿಲ್ಲ ಅಷ್ಟೆ. ನನ್ನನ್ನು ಒಮ್ಮೆ ಕರೆದು ತೋರಿಸಿದ್ದರೆ ನಾನು ನೋಡುತ್ತಿದ್ದೆ.”

ಆಗಲೇ ಅವನು ಪ್ಲೇಟನ್ನು ಬೆಳಕಿಗೆ ಹಿಡಿದು ಹೆರೆದ ಜಾಗ ಯಾವ ಬದಿಗಿದೆ ಎಂದು ನೋಡಿದ್ದು. ಎಡಬಲ ತಪ್ಪಿದ್ದು ಅವನಿಗೆ ಗೊತ್ತೇ ಇರಲಿಲ್ಲ. ಮುಖ ಬಿಳಿಚಿತು. ನನ್ನ ಕೆಲಸ ಹಾಳಾಯಿತೆಂದು ಮರುಗುತ್ತಿದ್ದಾನೆ ಎಂದುಕೊಂಡೆ. ಅವನು ಹೇಳಿದ್ದು ಬೇರೆ: “ಅಯ್ಯೋ, ಉಲ್ಟಾ ಆಗಿತ್ತಾ? ಪ್ರೊಫೆಸರಿಗೆ ಒಂದೇ ನೋಟಕ್ಕೆ ಗೊತ್ತಾಗ್ತಿತ್ತು! ನೀನು ಒರೆಸಿದ್ದು ಒಳ್ಳೆಯದೇ ಆಯ್ತು ಮಾರಾಯ್ತಿ.” ಗೋಡೆಯ ಮೇಲಿದ್ದ ಪ್ರಿಂಟನ್ನು ಅವನು ಆಗಲೇ ಹೋಗಿ ಇಳಿಸಿದ. ಬಂದು, ಪ್ಲೇಟ್ ಒಡೆಯಿತು ಅಂತ ಹೇಳುವ ಎಂದ. ನಾನು ಒಪ್ಪಲಿಲ್ಲ. ಪ್ಲೇಟ್ ಹೇಗಿದೆಯೋ ಹಾಗೆಯೇ ತೋರಿಸುವುದು, ಏನೂ ಇಲ್ಲವೆಂದು ಅವರು ಹೇಳಿದರೆ ಹೇಳಲಿ ಎಂದೆ. “ಆಯ್ತು, ನಿನ್ನ ಇಷ್ಟ” ಎಂದ. ಅಷ್ಟು ಮೋಸ ಮಾಡಿದವನ ಈ ಮಾತನ್ನೂ ನಾನು ನಂಬಿದೆ ನೋಡಿ.

ಸಂಜೆ ಭಾಷಣ ಮುಗಿದ ಮೇಲೆ ಪ್ರಿನ್ಸಿಪಾಲರು ಪ್ರೊಫೆಸರರನ್ನು ಕಿಟಕಿಯ ಬಳಿಗೆ ಕರೆತಂದರು. ಅಪ್ಪ ಜರಿಯಂಚಿನ ಶಾಲು ಹೊದ್ದು ಅಲ್ಲೇ ನಿಂತಿದ್ದರು. ಪ್ರೊಫೆಸರರು ಮದ್ರಾಸಿನವರು, ಮಾತೆಲ್ಲ ಇಂಗ್ಲಿಷಿನಲ್ಲಿ. ಅಪ್ಪನಿಗೆ ಸಂಸ್ಕೃತ ಬರುತ್ತದೆ, ಇಂಗ್ಲಿಷ್ ಬಾರದು. ನಾನು ಪ್ಲೇಟನ್ನು ಪ್ರೊಫೆಸರರ ಕೈಗೆ ಕೊಟ್ಟೆ. ಅವರು ಜೇಬಿನಿಂದ ಭೂತಗನ್ನಡಿ ತೆಗೆದು ಕಣ್ಣಿಗೊತ್ತಿಕೊಂಡು ಮೂಲೆಯಿಂದ ಮೂಲೆಗೆ ನಿಧಾನವಾಗಿ ನೋಡುತ್ತಾ ಹೋದರು.

“ಇಲ್ಲಿ ಏನೋ ಗೀರಿದ್ದಾರೆ, ಪಾಪ” ಎಂದರು. ಆಮೇಲೆ ಒಂದು ಅಂಚಿನಲ್ಲಿ ಅವರ ಕೈ ನಿಂತಿತು. “ಆದರೆ ಇದೋ, ಇಲ್ಲಿ ಒಂದಿದೆ. ಬಹಳ ಮಸುಕು. ಆ ಗುಂಪಿನದೇ ಗ್ಯಾಲಕ್ಸಿ, ಅನುಮಾನವಿಲ್ಲ.”

ಕಾಕನ ಚೂರಿಗೆ ಸಿಗದೆ ಒಂದು ಉಳಿದಿತ್ತು! ನನ್ನ ಕಣ್ಣಲ್ಲಿ ನೀರು ಬಂತು. ಅವರು ಭೂತಗನ್ನಡಿಯನ್ನು ಪ್ರಿನ್ಸಿಪಾಲರಿಗೆ ಕೊಟ್ಟು ಹೇಳಿದರು: “ನಕ್ಷತ್ರಗಳನ್ನು ನೋಡಿ. ಒಂದೊಂದೂ ದುಂಡಗೆ, ಚುಕ್ಕಿ ಇಟ್ಟ ಹಾಗೆ. ಮನೆಯಲ್ಲಿ ಮಾಡಿದ ಟೆಲಿಸ್ಕೋಪಿನಲ್ಲಿ ಇಷ್ಟು ಹೊತ್ತು ಕೈಯಿಂದ ತಿರುಗಿಸುತ್ತಾ ಹೀಗೆ ಕಾಯುವವರನ್ನು ನಾನು ಹೆಚ್ಚು ಕಂಡಿಲ್ಲ. ಗೈಡಿಂಗ್ ಮಾಡಿದವರು ಯಾರು?”

ನಾನು ಬಾಯಿ ತೆರೆಯುವಷ್ಟರಲ್ಲಿ ಅಣ್ಣ ಪ್ರಿನ್ಸಿಪಾಲರ ಮುಖ ನೋಡಿದ. ಆಮೇಲೆ ಇಂಗ್ಲಿಷಿನಲ್ಲಿ, “ನಾನು ಸರ್” ಎಂದ.

ಪ್ರೊಫೆಸರರು ಅವನ ಕೈ ಕುಲುಕಿದರು. ಪ್ರಿನ್ಸಿಪಾಲರು ಬೆನ್ನು ತಟ್ಟಿದರು. ಅಪ್ಪ ಮುಂದೆ ಬಾಗಿ ಅಣ್ಣನನ್ನು ತುಳುವಿನಲ್ಲಿ ಕೇಳಿದರು, ಏನಂತೆ ಎಂದು. ಅಣ್ಣ ನನ್ನ ಕಡೆ ತಿರುಗದೆ ಹೇಳಿದ: “ಒಳ್ಳೆಯದು ಬಂದಿದೆಯಂತೆ ಅಪ್ಪ. ತಂಗಿ ಒರೆಸುವಾಗ ಸ್ವಲ್ಪ ಗೀರಿಬಿಟ್ಟಿದ್ದಾಳೆ, ಅದೊಂದು ಹಾಳಾಯ್ತು ಅಂತ ಹೇಳಿದರು.”

“ಅಲ್ಲ, ನಾನು ಗೀರಲಿಲ್ಲ” ಎಂದೆ. ಜೋರಾಗಿಯೇ ಎಂದೆ. ಆದರೆ ಅಷ್ಟು ಹೊತ್ತಿಗೆ ಪ್ರಿನ್ಸಿಪಾಲರು ಎಲ್ಲರನ್ನೂ ಚಹಾದ ಕಡೆಗೆ ಹೊರಡಿಸಿದ್ದರು. ಪ್ರೊಫೆಸರರು ನನ್ನನ್ನು ನೋಡಿ ಕನಿಕರದಿಂದ ನಕ್ಕರು; ತುಳು ತಿಳಿಯದವರು, ಗೀರಿದ ಹುಡುಗಿ ನಾನೇ ಎಂದುಕೊಂಡಿರಬೇಕು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ನನ್ನ ತುತ್ತು ಬಾಯಿಯವರೆಗೂ ಬಂದಿತ್ತು.

ಮನೆಗೆ ಹೋಗುವ ಬಸ್ಸಿನಲ್ಲಿ ಅಣ್ಣ ನನ್ನ ಸೀಟಿನ ಪಕ್ಕದಲ್ಲಿ ನಿಂತು, “ಸಿಟ್ಟು ಮಾಡ್ಬೇಡ. ಅವರೆಲ್ಲರ ಎದುರು ಬೇರೆ ಎಂತ ಹೇಳುವುದು? ಮೊದಲಿಂದಲೂ ಕಾಲೇಜಿನಲ್ಲಿ ನಾನೇ ಅಂತ ಹೇಳಿಯಾಗಿತ್ತು. ಬರುವ ಎಪ್ರಿಲಿನಲ್ಲಿ ಇನ್ನೊಂದು ತೆಗೆಯುವ” ಎಂದ.

“ಗೈಡಿಂಗ್ ಮಾಡುವುದು ಯಾರು?” ಎಂದು ಕೇಳಿದೆ.

ಮನೆ ಸೇರಿದ ಕೂಡಲೇ ಅಪ್ಪನ ಎದುರು ನಿಂತು ಎಲ್ಲವನ್ನೂ ಹೇಳಿದೆ. ಟಚಿಂಗ್, ಟರ್ಪಂಟೈನ್, ಪ್ರೊಫೆಸರರು ನಿಜವಾಗಿ ಹೇಳಿದ್ದೇನು, ಯಾರು ಏನೆಂದು ಉತ್ತರ ಕೊಟ್ಟರು, ಒಂದನ್ನೂ ಬಿಡಲಿಲ್ಲ. ಅಪ್ಪ ಶಾಲು ಮಡಚುತ್ತಾ ಕೇಳಿಸಿಕೊಂಡರು. ಅಣ್ಣನನ್ನು ಕರೆದು ಬೈಯುತ್ತಾರೆಂದು ಕಾದೆ.

“ನನಗೆ ಗೊತ್ತುಂಟು ಮಗಾ” ಎಂದರು. “ರಾತ್ರಿ ಕಿಟಕಿಯಿಂದ ನೋಡ್ತಿದ್ದೆ. ಚಾಪೆಯ ಮೇಲೆ ಇದ್ದದ್ದು ನೀನೇ. ಆದರೆ ಅವನ ಕೆಲಸ ಖಾಯಂ ಆಗಬೇಕಲ್ಲ. ಈಗ ನಾವು ಎಂತಾದರೂ ಹೇಳಿದರೆ ಅವನ ಅನ್ನಕ್ಕೆ ಕಲ್ಲು ಬೀಳ್ತದೆ.”

“ಮತ್ತೆ ನೀವು ನನಗೆ ಕೊಟ್ಟ ಮಾತು?”

“ಹೊರಗಿನ ವಿದ್ವಾಂಸರು ಹೇಳಿದರೆ ಕಳಿಸ್ತೇನೆ ಅಂದಿದ್ದೆ. ಅವರು ಕೈ ಕುಲುಕಿದ್ದು ಅವನದ್ದಲ್ವಾ?”

ಅಪ್ಪ ಮಾತಿಗೆ ತಪ್ಪಲಿಲ್ಲ. ಊರು ಹೇಳುತ್ತಿದ್ದದ್ದು ಸರಿಯೇ. ಅಣ್ಣ ಮಾಡಿದ್ದನ್ನು ನಾನು ಮೋಸ ಎನ್ನುತ್ತೇನೆ. ಅಪ್ಪ ಮಾಡಿದ್ದಕ್ಕೆ ಹೆಸರು ಹುಡುಕುತ್ತಲೇ ಇದ್ದೇನೆ. ಗೊತ್ತಿಲ್ಲದೆ ಅನ್ಯಾಯ ಮಾಡಿದವರನ್ನು ಹೊಟ್ಟೆಗೆ ಹಾಕಿಕೊಳ್ಳಬಹುದು, ಕಿಟಕಿಯಿಂದ ನೋಡಿ ಗೊತ್ತಿದ್ದೂ ಮಾಡಿದವರನ್ನು ಎಲ್ಲಿ ಹಾಕಿಕೊಳ್ಳುವುದು?

ಒಳಗಿನಿಂದ ಅಮ್ಮ ಊಟಕ್ಕಾಯಿತು ಎಂದು ಕರೆದಳು. ಅಪ್ಪ, ಅಣ್ಣ ಇಬ್ಬರೂ ಕಾಲು ತೊಳೆದು ಬಂದು ಎಲೆಯ ಮುಂದೆ ಕೂತರು. ಅಪ್ಪ ಎಂದಿನಂತೆ ಎಲೆಯ ಸುತ್ತ ನೀರು ಬಿಟ್ಟು ಮಂತ್ರ ಹೇಳಿದರು. ನಮ್ಮ ಮನೆಯಲ್ಲಿ ಗಂಡಸರಿಗೆ ಬಡಿಸುವುದು ನನ್ನ ಕೆಲಸ. ಬಡಿಸಿದೆ.